ಎಡಗೋಲಿನವನು, ಬಲಗೋಲಿನವನು

ಕೆ.ಆರ್. ನಗರದ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಮೊನ್ನೆ ಒಂದು ಟವೆಲ್ ಕೊಂಡೆ. ಮಡಿಕೆ ಬಿಚ್ಚಿದ್ದೇ ತಡ, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಅಡರಿ ಎದೆ ಧಸಕ್ಕೆಂದಿತು. ಟವೆಲ್ ನೋಡಿ ಹೆದರುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಅಂಗಡಿಯವರೂ ಕಂಡಿರಲಿಲ್ಲ, ಬಣ್ಣ ಹೋಗಲ್ಲ ಮೇಡಂ ಎಂದು ತಾವಾಗಿಯೇ ಭರವಸೆ ಕೊಟ್ಟರು.

ಕಾರಣ ಹೇಳಬೇಕಾದರೆ ನಿಮ್ಮನ್ನು ದನದ ಸಂತೆಗೆ ಕರೆದೊಯ್ಯಬೇಕು. ಆಗ ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ಅರ್ಥಶಾಸ್ತ್ರ ಓದಲು ಶುರುಮಾಡಿ ಕೆಲವೇ ತಿಂಗಳಾಗಿದ್ದರೂ ಮನೆಯಲ್ಲಿ ಯಾರಾದರೂ ಉಪ್ಪು ಕೇಳಿದರೆ ಅದು ಬೇಡಿಕೆ ಎಂದು ವಿವರಿಸುತ್ತಿದ್ದೆ. ಇವಳಿಗೆ ಗಾಳಿ ಹಿಡಿದಿದೆ ಎಂದು ಅವ್ವ ತೀರ್ಮಾನಿಸಿದ್ದಳು. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದ ಪೂರಕ ಸರಕುಗಳ ಪಾಠ ಮಾಡುವಾಗ ನಮ್ಮ ಮೇಷ್ಟ್ರು ಚಪ್ಪಲಿಯ ಉದಾಹರಣೆ ಕೊಟ್ಟು, ಗುಡಿ ಮುಂದೆ ಯಾವ ಕಳ್ಳನೂ ಒಂದೇ ಕಾಲಿನದನ್ನು ಕದಿಯುವುದಿಲ್ಲ ಎಂದು ನಗಿಸಿದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ನಮ್ಮೂರು ಭೇರ್ಯದ ಬಳಿ. ಅಪ್ಪನ ಸೊಂಟ ಬಿದ್ದುಹೋಗಿ, ಉತ್ತ ನೆಲದಲ್ಲಿ ಕಾಲಿಡಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಎತ್ತುಗಳನ್ನು ಮಾರದೆ ಗತಿ ಇರಲಿಲ್ಲ. ನೊಗದ ಎಡಕ್ಕೆ ಕಟ್ಟುವ ಎತ್ತು ಎಡಗೋಲಿನವನು, ಬಲಕ್ಕೆ ಕಟ್ಟುವುದು ಬಲಗೋಲಿನವನು. ಪಳಗಿದ ಪಕ್ಕ ಬದಲಾಯಿಸಿದರೆ ಎತ್ತು ಹೆಜ್ಜೆ ಕಿತ್ತಿಡುವುದಿಲ್ಲ. ನಮ್ಮವು ಹೋರಿಗಳಾಗಿದ್ದಾಗಿನಿಂದ ಒಂದೇ ನೊಗದಲ್ಲಿ ಬೆಳೆದವು. ಜೋಡಿ ಮಾತ್ರ ಮುರಿಯಲ್ಲ ಎಂದು ಅವ್ವನಿಗೆ ಹೇಳಿ ಅಪ್ಪ ಸಂತೆಗೆ ಹೊರಟ; ಹಗ್ಗ ಹಿಡಿಯಲು ಜೊತೆಗೆ ನಾನು.

ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಟವೆಲ್ ಹೊದಿಸಿ ಅದರಡಿಯಲ್ಲಿ ಮಾರುವವನ ಕೈ ಹಿಡಿಯುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು ಎಂದು ಲೆಕ್ಕ. ಮಾರುಕಟ್ಟೆಯಲ್ಲಿ ಎಲ್ಲರಿಗೂ ಎಲ್ಲ ಬೆಲೆಯೂ ಗೊತ್ತಿರುತ್ತದೆ ಎಂದು ನಮ್ಮ ಪುಸ್ತಕದಲ್ಲಿತ್ತು. ಬರೆದ ಪುಣ್ಯಾತ್ಮರು ಈ ಕಡೆ ಬಂದಿರಲಾರರು.

ಬೆಳಗಿನಿಂದ ಜೋಡಿ ಕೇಳಿದವರೇ ಇಲ್ಲ. ಬಂದವರು ಹಲ್ಲು ನೋಡಿ, ಸುಳಿ ನೋಡಿ, ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾರಿಗೆ ಬೇಕು ಎಂದು ಮುಂದೆ ಹೋದರು. ಬಿಸಿಲೇರಿ ಸಂತೆ ಕರಗತೊಡಗಿತು. ಅಪ್ಪ ಟೀ ಕೂಡ ಮುಟ್ಟಿರಲಿಲ್ಲ. ಮಾರದೆ ಹಿಂದಿರುಗಿದರೆ ಎರಡನ್ನೂ ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆಗ ದಲ್ಲಾಳಿ ಖಾದರ್ ಸಾಬರು ಹಂಪಾಪುರದ ರೈತರೊಬ್ಬರನ್ನು ಕರೆತಂದರು. ಅವರು ನೆಟ್ಟಗೆ ಬಂದು ನಮ್ಮ ಎಡಗೋಲಿನವನ ಬೆನ್ನ ಮೇಲೆ ಕೈಯಿಟ್ಟರು. ಅವರ ಮನೆಯ ಎಡಗೋಲಿನ ಎತ್ತು ಹಾವು ಕಡಿದು ಸತ್ತಿತ್ತು, ಬೇಕಾಗಿದ್ದುದು ಅದೊಂದೇ.

ಸಾಬರು ಹೆಗಲ ಮೇಲಿನ ಹೊಸ ಟವೆಲ್ ಕೊಡವಿದರು. ಗಂಜಿ ವಾಸನೆ ಬಂತು. ಅಪ್ಪನ ಕೈ ಒಳಗೆ ಹೋಯಿತು. ಅಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಲು ನನಗಿದ್ದುದು ಅಪ್ಪನ ಮುಖ ಒಂದೇ, ಅದೂ ಬಿಗಿದುಕೊಂಡಿತ್ತು. ಅರ್ಧ ಮಾರಿದರೂ ಅರ್ಧ ಭಾರ ಇಳಿಯಿತಲ್ಲ ಎಂದು ನಾನು ಕಲಿತ ವಿದ್ಯೆಯನ್ನು ಅವನ ಕಿವಿಯಲ್ಲಿ ಉಸುರಿದೆ. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

"ಕೊಟ್ರೆ ಜೋಡಿನೇ ಕೊಡೋದು," ಎಂದ ಅಪ್ಪ, ಎಲ್ಲರಿಗೂ ಕೇಳುವಂತೆ. "ಒಬ್ಬನ ಬೆಲೆಗೇ ಇಬ್ರುನೂ ಇಡ್ಕೊಂಡೋಗಿ."

ಸಾಬರು ತಬ್ಬಿಬ್ಬಾದರು. ಟವೆಲ್ ಅಡಿಯ ವ್ಯಾಪಾರವನ್ನು ಬಾಯಲ್ಲಿ ಆಡಿದ್ದೇ ಸಂತೆಯ ಕಟ್ಟಳೆಗೆ ಹೊರತು. ಮೇಲೆ ಒಂದು ಎತ್ತು ಬಿಟ್ಟಿ. ಇದನ್ನೂ ಒಲ್ಲೆನೆಂದರೆ ಈ ರೈತನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂದುಕೊಂಡೆ.

ಹಂಪಾಪುರದವರು ಎತ್ತಿನ ಬೆನ್ನ ಮೇಲಿನ ಕೈ ತೆಗೆದರು. "ಇಬ್ರುನೂ ಇಡ್ಕೊಂಡೋದ್ರೆ ನಮ್ಮನೆ ಬಲಗೋಲಿನೋನು ಒಂಟಿಯಾಯ್ತಾನೆ ಕಣಣ್ಣ. ಜೊತೆಗಾರ ಸತ್ತಾಗಿಂದ ಅವನು ಸರಿಯಾಗಿ ಹುಲ್ಲೇ ಮುಟ್ಟಿಲ್ಲ. ನಾನು ಬಂದಿರೋದು ಅವನಿಗೋಸ್ಕರ."

ಅಪ್ಪ ನಮ್ಮ ಎತ್ತುಗಳನ್ನು ಒಂದೊಂದಾಗಿ ನೋಡಿದ. ನಮ್ಮೆರಡು, ಅವರದೊಂದು, ಹೇಗೆ ಜೋಡಿಸಿದರೂ ಒಂದು ಎತ್ತು ಒಂಟಿಯಾಗುವುದೇ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡುವ ಇನ್ನೊಂದೇ ಅದರ ನಿಜವಾದ ಬೆಲೆ ಎಂದು ಮೇಷ್ಟ್ರು ಬರೆಸಿದ್ದರು. ಬಿಟ್ಟುಕೊಟ್ಟದ್ದಕ್ಕೆ ಕಣ್ಣು, ಕೋಡು ಇರುತ್ತವೆ ಎಂದು ಬರೆಸಿರಲಿಲ್ಲ. ಕಡೆಗೆ ಅಪ್ಪನ ತೋಳು ಟವೆಲ್ ಅಡಿಯಲ್ಲಿ ಸ್ವಲ್ಪ ಅಲುಗಿತು, ಸಾಬರು ಆಯ್ತು ಬುಡಣ್ಣ ಎಂದರು. ಎಷ್ಟಕ್ಕೆ ಎಂದು ಅಪ್ಪ ನನಗೆ ಕೊನೆಗೂ ಹೇಳಲಿಲ್ಲ.

ಎಡಗೋಲಿನವನನ್ನು ಟೆಂಪೋಗೆ ಹತ್ತಿಸುವಾಗ ಬಲಗೋಲಿನವನು ಹಗ್ಗ ಜಗ್ಗಿ ಕೂಗಿದ. ಟೆಂಪೋ ಒಳಗಿನಿಂದಲೂ ಕೂಗು ಬಂತು. ನನ್ನ ಅಂಗೈ ಕೆಂಪಾಗುವಷ್ಟು ಹಗ್ಗ ಹಿಡಿದು, ಅಳುತ್ತ ಊರಿಗೆ ನಡೆದೆ.

ಈಗ ನಾನು ಹುಣಸೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮೊದಲ ವರ್ಷದವರಿಗೆ ಅದೇ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಎಳೆದು, ಅವು ಕೂಡುವಲ್ಲಿ ಚುಕ್ಕೆಯಿಟ್ಟು, ಇಲ್ಲಿ ಕೊಳ್ಳುವವನಿಗೂ ಮಾರುವವನಿಗೂ ತೃಪ್ತಿ ಎಂದು ವರ್ಷಗಟ್ಟಲೆ ಬರೆಸಿದ್ದೇನೆ. ಟವೆಲ್ ಕೊಂಡ ಮರುದಿನ ಆ ಮಾತು ಬಾಯಿಗೆ ಬರಲಿಲ್ಲ. ಚುಕ್ಕೆಯ ಮುಂದೆ ನಿಂತು, ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಪಿರಿಯಾಪಟ್ಟಣದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮನೇಲಿ ಉಳ್ಕೊಂಡ ಎತ್ತು ಏನಾಯ್ತು ಮೇಡಂ?"

ಅವ್ವ ಮೇವು ಹಾಕಿದರೂ ತಿನ್ನಲಿಲ್ಲ, ನಾನು ಹಾಕಿದರೂ ತಿನ್ನಲಿಲ್ಲ ಎಂದೆ. ಆಮೇಲೆ ಅಪ್ಪ ಕೋಲೂರಿಕೊಂಡು ಕೊಟ್ಟಿಗೆಗೆ ಹೋಗಿ ಅವನ ಎಡಗಡೆಯ ಖಾಲಿ ಜಾಗದಲ್ಲಿ ನಿಂತ. ಆಗ ಬಲಗೋಲಿನವನು ಮೇವಿಗೆ ಬಾಯಿ ಹಾಕಿದ. ಅಂದಿನಿಂದ ಅವನು ಇರುವ ತನಕ, ಪ್ರತಿದಿನ ಮೇವು ತಿಂದು ಮುಗಿಯುವವರೆಗೆ ಅಪ್ಪ ಸೊಂಟ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದ.

ಹುಡುಗಿ ಕೂತಳು. ಚುಕ್ಕೆ ತೋರಿಸಿ, ವ್ಯಾಪಾರ ಇಲ್ಲಿಗೆ ಮುಗಿಯುತ್ತದೆ ಎಂದಷ್ಟೇ ಬರೆದುಕೊಳ್ಳಿ ಎಂದೆ. ತೃಪ್ತಿ ಎಂಬ ಪದವನ್ನು ಈ ವರ್ಷ ಬರೆಸಲಿಲ್ಲ.