ಒಂದು ಮಾಲೆ, ಮೇಲೆ ಅರವತ್ತು ಮಣಿ

ಮೊದಲು ನುಸಿಗುಳಿಗೆಯ ವಾಸನೆ ಬಂತು, ಆಮೇಲೆ ಕಂಡದ್ದು ನನ್ನದೇ ಅಕ್ಷರ. ಹೋದ ವಾರ ಪ್ರೊಫೆಸರ್ ಕಾಕಾರ ಸೊಸೆ ಮೀರಜಿನಿಂದ ವಿಶ್ರಾಮಬಾಗದ ನನ್ನ ಫ್ಲ್ಯಾಟಿಗೆ ಬಂದು, ಚೀಲದಿಂದ ಆ ನೋಟ್‌ಬುಕ್ ತೆಗೆದಳು. "ಮಾವಶಿ, ಮಾವನವರ ಕಪಾಟು ಖಾಲಿ ಮಾಡಾಕ ಹತ್ತಿದ್ವಿ. ನಿಮ್ಮ ಹೆಸರಿನ ವಹಿ ಸಿಕ್ತು ನೋಡ್ರಿ."

ಕಾಕಾ ನಮ್ಮ ತವರಿನ ಪಕ್ಕದ ಮನೆಯವರು, ಕಾಲೇಜಿನಲ್ಲಿ ಮ್ಯಾಥ್ಸ್ ಕಲಿಸುತ್ತಿದ್ದರು. ನಾನು ಕಾನ್ವೆಂಟ್ ಮುಗಿಸಿದ ಬೇಸಿಗೆ ಅದು. ನನಗೆ ಬಿ.ಎಸ್ಸಿ. ಮಾಡುವ ಹಟ. ಕಾಕಾ ಹೂಂ ಅಂದರೆ ಮಾತ್ರ ಕಳಿಸುತ್ತೇನೆಂದು ಅಪ್ಪ ಹೇಳಿದ್ದರು. ಕಾಕಾ ನನಗೊಂದು ನಂಬರ್ ಕೊಟ್ಟರು: 1000003. ಹತ್ತು ಲಕ್ಷದ ಮೂರು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಇದು ಪೂರ್ತಿ ಭಾಗವಾಗುವುದಿಲ್ಲವೆಂದು, ಅಂದರೆ ಇದು ಪ್ರೈಮ್ ಎಂದು ತೋರಿಸು. ಆಮೇಲೆ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ ಎಂದರು.

ಎರಡು, ಮೂರು, ಐದು, ಏಳು… ಸಣ್ಣ ಪ್ರೈಮ್‌ಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದೆ. ಎಣಿಕೆ ತಪ್ಪಬಾರದೆಂದು ಅಜ್ಜಿಯ ನೂರೆಂಟು ಮಣಿಯ ಜಪಮಾಲೆ ಹಿಡಿದೆ, ಭಾಗಾಕಾರಕ್ಕೊಂದು ಮಣಿ. ಅಜ್ಜಿ ಗೊಣಗುತ್ತಲೇ ಕೊಟ್ಟಳು. ಅವಳ ಣಮೋಕಾರ ಮಂತ್ರದ ಜಪ ಮುಗಿಯುವವರೆಗೆ ನನ್ನ ಭಾಗಾಕಾರ ಕಾಯಬೇಕಿತ್ತು.

ಎಲ್ಲಿ ನಿಲ್ಲಿಸಬೇಕೆಂದು ಕಾಕಾ ಹೇಳಿರಲಿಲ್ಲ. ಒಂದು ಮಧ್ಯಾಹ್ನ ತಾನಾಗಿಯೇ ಹೊಳೆಯಿತು. ಎರಡು ಸಂಖ್ಯೆ ಗುಣಿಸಿ ಇದು ಬರಬೇಕಾದರೆ ಎರಡೂ ಸಾವಿರ ದಾಟಲಾರವು. ಒಂದು ದೊಡ್ಡದಾದರೆ ಜೊತೆಯದು ಸಣ್ಣದೇ, ಆ ಸಣ್ಣದನ್ನು ನಾನು ಆಗಲೇ ನೋಡಿಯಾಗಿದೆ! ಹಾಗೆಂದು ಬರೆದು, ಸಾವಿರದೊಳಗಿನ ಕೊನೆಯ ಪ್ರೈಮ್ 997ಕ್ಕೆ ನಿಂತೆ. ಶೇಷ ಹನ್ನೆರಡು. ಒಂದು ಮಾಲೆ, ಮೇಲೆ ಅರವತ್ತು ಮಣಿ, ಯಾವುದರಿಂದಲೂ ಭಾಗವಾಗಲಿಲ್ಲ.

ನೋಟ್‌ಬುಕ್ ಒಯ್ದುಕೊಟ್ಟ ಮೂರನೆಯ ದಿನ ಕಾಕಾ ನಮ್ಮ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ.

"ಹುಡುಗಿಗೆ ಲೆಕ್ಕ ಬರ್ತದ್ರಿ, ಗಣಿತ ಬರಂಗಿಲ್ಲ," ಎಂದರು ಕಾಕಾ. "ಮಣಿ ಎಣಿಸಿಕೋತ ಮಾಡ್ಯಾಳ. ಬಿ.ಎ. ಮಾಡಸ್ರಿ, ಸಾಕು."

"ನಮ್ಮವ್ವನ ಮೊಮ್ಮಗಳಲ್ಲೇನ್ರಿ," ಎಂದು ಅಪ್ಪ ನಕ್ಕರು.

ನಾನು ನಂಬಿದೆ. ಬಿ.ಎ. ಮಾಡಿದೆ. ಪ್ರತಿ ದೀಪಾವಳಿಗೆ ಕಾಕಾರ ಕಾಲಿಗೆ ನಮಸ್ಕರಿಸಿದೆ. ನನ್ನ ಮಕ್ಕಳು ಗಣಿತ ಕೇಳಲು ಬಂದರೆ, ನಿಮ್ಮ ಅವ್ವನಿಗೆ ಅದು ಬರುವುದಿಲ್ಲ ಎಂದು ಟ್ಯೂಶನ್‌ಗೆ ಅಟ್ಟಿದೆ…

ಹೋದ ವಾರ ಕಾಕಾರ ಸೊಸೆಯ ಎದುರಿಗೇ ಕೊನೆಯ ಪುಟ ತೆರೆದೆ. 997ರ ಕೆಳಗೆ ಕಾಕಾರ ಕೆಂಪು ಶಾಯಿ. ಎಕ್ಸಲೆಂಟ್; ಎಲ್ಲಿ ನಿಲ್ಲಬೇಕೆಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾಳೆ; ಇವಳು ಮ್ಯಾಥ್ಸ್ ಓದಲೇಬೇಕು. ಕೆಳಗೆ ಸಹಿ. ಇದನ್ನು ಬರೆದು, ಕಪಾಟಿನಲ್ಲಿಟ್ಟು, ನಮ್ಮ ಮನೆಗೆ ಬಂದು ಆ ಮಾತು ಆಡಿದ್ದರು. ಅಪ್ಪನೇ ಹಾಗೆ ಹೇಳಿರೆಂದು ಕೇಳಿಕೊಂಡಿದ್ದರೋ ಏನೋ… ಕೇಳೋಣವೆಂದರೆ ಇಬ್ಬರೂ ಇಲ್ಲ.

"ಏನದರಿ ಅದರಾಗ, ಮಾವಶಿ?" ಎಂದಳು ಸೊಸೆ, ಚಹಾದ ಕಪ್ಪು ಕೆಳಗಿಡುತ್ತಾ.

"ಏನಿಲ್ಲವ್ವಾ," ಎಂದೆ. "ಹಳೇ ಲೆಕ್ಕ."

ಗಣಿತ ಎನ್ನುವ ಮಾತು ಆಗಲೂ ನನ್ನ ಬಾಯಿಗೆ ಬರಲಿಲ್ಲ.