ಕಪ್ಪೆಯ ಹೃದಯ ನಿಲ್ಲುವ ತನಕ

ನಿನ್ನೆ ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಹುಡುಗಿ, "ಅಜ್ಜಿ, ಲಿಂಗದ ಕರಡಿಗೆ ಬೆನ್ನ ಕಡೆ ಸರಿಸ್ತೀರಾ?" ಎಂದಳು. ನನಗೆ ಕಂಪ್ಲಿಯ ನಮ್ಮ ದನದ ಕೊಟ್ಟಿಗೆ ಕಣ್ಣಮುಂದೆ ಬಂತು.

ಆಗ ನಾನು ಹೈಸ್ಕೂಲು ಹುಡುಗಿ; ಮರುದಿನ ಶಾಲೆಯಲ್ಲಿ ಕಪ್ಪೆ ಕೊಯ್ಯುವ ಪರೀಕ್ಷೆ, ಕೊಟ್ಟಿಗೆಯಲ್ಲಿ ಗುಟ್ಟಾಗಿ ಅಭ್ಯಾಸಕ್ಕೆ ಕೂತಿದ್ದೆ. ಲಿಂಗ ಕಟ್ಟಿದ ಮನೆಯಲ್ಲಿ ಜೀವ ತೆಗೆದದ್ದು ಗೊತ್ತಾದರೆ ಅಪ್ಪ ಶಾಲೆ ಬಿಡಿಸುವುದು ಖಂಡಿತ. ಮದ್ರಾಸಿನಿಂದ ಬಂದಿದ್ದ ಮೇಷ್ಟ್ರು ಕೊಟ್ಟ ಔಷಧಿಯಿಂದ ಕಾಲುವೆಯ ಕಪ್ಪೆಗೆ ಮಂಪರು ಬರಿಸಿ, ಜಾಲಿಮುಳ್ಳು ಚುಚ್ಚಿ ಹಲಗೆಗೆ ಬಿಗಿದೆ. ಕೊಯ್ಯುವ ಮೊದಲು ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡೆ, ಶಿವನಿಗೆ ಕಾಣಬಾರದೆಂದು.

ಮೂರು ಕೋಣೆಯ ಹೃದಯ, ಹುಣಸೆ ಬೀಜದಷ್ಟು, ಬಡಿಯುತ್ತಲೇ ಇತ್ತು. ತಲೆ ಎತ್ತಿದರೆ ಬಾಗಿಲಲ್ಲಿ ನಮ್ಮಜ್ಜಿ.

ಬೈಯಲಿಲ್ಲ. ಬಗ್ಗಿ ನೋಡಿದಳು. "ಪಕ್ಕೆಲುಬ ಇಲ್ಲಲ್ಲ. ಉಸಿರು ಹೆಂಗ ಎಳೀತೈತಿ?"

"ಎದಿ ಉಬ್ಬಿಸಾಕ ಬರಂಗಿಲ್ಲ, ಅದಕ್ಕ ಗಂಟಲಿಂದ ಗಾಳಿ ಒಳಗ ನೂಕತೈತಿ."

"ಇನ್ನೂ ಸತ್ತಿಲ್ಲೇನು?"

"ಔಷಧಿಗೇ ಸತ್ತೈತಿ. ಹೃದಯಕ್ಕ ಯಾರೂ ಹೇಳಬೇಕಾಗಿಲ್ಲ, ತಾನ ಬಡೀತೈತಿ. ಅದರ ರಚನೀನ ಹಂಗ."

ಅಂಗಳದಲ್ಲಿ ಅಪ್ಪನ ಗಾಡಿಯ ಗಂಟೆ ಕೇಳಿಸಿತು. ಹಲಗೆ ಮುಚ್ಚಲು ಹೋದೆ. ಅಜ್ಜಿ ಬಾಗಿಲಿಗೆ ಅಗುಳಿ ಹಾಕಿ ಬಂದು ನನ್ನ ಕರಡಿಗೆಯನ್ನು ಮುಂದಕ್ಕೆಳೆದು ಎದೆ ಮೇಲೆ ಬಿಟ್ಟಳು.

"ಶಿವನೂ ನೋಡ್ಲಿ. ಕೊಯ್ದಾಕಿ ನೀನು. ಅದು ನಿಲ್ಲೋ ತನಕ ಏಳಬ್ಯಾಡ."

ಅಪ್ಪ ಹೊರಗೆ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ನಾವಿಬ್ಬರೂ ಉಸಿರು ಬಿಗಿಹಿಡಿದು ಆ ಹುಣಸೆ ಬೀಜವನ್ನೇ ನೋಡುತ್ತ ಕೂತೆವು. ಅದು ನಿಲ್ಲಲು ಭಾಳ ಹೊತ್ತು ತಗೊಂಡಿತು.

ನಿನ್ನೆ ಆ ಹುಡುಗಿ ಕೇಳಿದಾಗ ಕರಡಿಗೆಯನ್ನು ಹೆಗಲ ಮೇಲೆ, ನನ್ನ ಹೃದಯ ಬಡಿಯುವ ಸ್ಕ್ಯಾನಿನ ಪರದೆ ಅದಕ್ಕೂ ಕಾಣುವ ಹಾಗೆ ಇಟ್ಟುಕೊಂಡೆ.

"ಬೆನ್ನಿಗೆ ಬ್ಯಾಡವ್ವ," ಎಂದೆ. "ಶಿವನೂ ನೋಡ್ಲಿ."