ಹೆಸರು ಹೇಳಲಾಗದ ಮರ

ನಮ್ಮತ್ತಿಗೆ ಬುರುಲ್ಕಾನ್ ಮದುವೆಯಾಗಿ ಬಂದ ಮೂರನೇ ದಿನ ಉಣ್ಣೆ ರಾಶಿಯ ಮುಂದೆ ಕೂತು ಒಂದೇ ಸಮನೆ ನಲವತ್ತೊಂದು ಸಲ ಸೀನಿದಳು. ಎಣಿಸಿದವಳು ನಾನೇ, ಅವಳ ನಾದಿನಿ. ಇಸ್ಸಿಕ್-ಕುಲ್ ಸರೋವರದ ತೆಂಕಣ ದಡದ ನಮ್ಮೂರಲ್ಲಿ ಗುಡಾರದ ಮನೆ ಕಟ್ಟುವುದೇ ಎಲ್ಲರ ಕಸುಬು. ಉಣ್ಣೆ ಬಡಿದು, ಬಿಸಿನೀರು ಹೊಯ್ದು, ತುಳಿದು ಹೊದಿಕೆ ಮಾಡುವುದು ಹೆಂಗಸರ ಪಾಲು. ಮರದ ಕೆಲಸ ಗಂಡಸರ ಪಾಲು. ಉಣ್ಣೆ ಕಂಡರೆ ಸೀನುವ ಸೊಸೆಯನ್ನು ಕಟ್ಟಿಕೊಂಡು ಏನು ಮಾಡೋಣ ಅಂತ ಅಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇನ್ನೊಂದು ಸಲ ಸೀನಿದ್ರೆ ಇವಳ ಮೂಗೇ ಉದುರತ್ತೆ. ಬಾ ಮಗಳೇ, ಮರದ ಕೊಟ್ಟಿಗೆಗೆ ಬಾ. ಅಲ್ಲಿ ಬರೀ ಹೊಗೆ."

ಹಾಗೆ ಅವಳು ಗಂಡಸರ ಕೊಟ್ಟಿಗೆ ಹೊಕ್ಕಳು. ಊರು ಒಂದು ವಾರ ಆಡಿಕೊಂಡಿತು, ಆಮೇಲೆ ಬೇಸರ ಬಂದು ಬಿಟ್ಟಿತು. ನಿಜವಾದ ಫಜೀತಿ ಬೇರೆಯೇ ಇತ್ತು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೆಸರಷ್ಟೇ ಅಲ್ಲ, ಹೆಸರಿನೊಳಗೆ ಅಡಗಿದ ಮಾತನ್ನೂ ಎತ್ತುವಂತಿಲ್ಲ. ಅಪ್ಪನ ಹೆಸರು ತಾಲ್‌ಬಾಯ್. ಓರಗೆಯವರು ಬರೀ ತಾಲ್ ಅಂತ ಕೂಗುತ್ತಿದ್ದರು. ತಾಲ್ ಅಂದರೆ ಹೊಳೆಯಂಚಿನಲ್ಲಿ ಬೆಳೆಯುವ, ಬೆತ್ತದ ಹಾಗೆ ಬಳುಕುವ ಮರ. ಗುಡಾರದ ಜಾಲರಿ ಗೋಡೆ ಅದರದ್ದು, ಸೂರಿನ ಕೋಲುಗಳೂ ಅದರವೇ. ಕೊಟ್ಟಿಗೆಯಲ್ಲಿ ದಿನಕ್ಕೆ ನೂರು ಸಲ ಹೇಳಬೇಕಾದ ಮಾತೇ ಅದು. ಅಕ್ಕಿ ಮಾರುವವನಿಗೆ ಅಕ್ಕಿ ಅನ್ನಬೇಡ ಅಂದ ಹಾಗಾಯಿತು.

ಅತ್ತಿಗೆ ಸೋಲುವ ಪೈಕಿ ಅಲ್ಲ. ಹೆಸರು ಬಿಟ್ಟು ಗುಣ ಹಿಡಿದು ಕರೆಯತೊಡಗಿದಳು. ಮಾವನ ಹೆಸರಿನ ಮರವಾದ್ದರಿಂದ ಬಹುವಚನ ಬೇರೆ! ಮರಕ್ಕೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮೊದಲ ವರ್ಷವೇ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗಿದಳು. "ಪುಟ್ಟೀ, ನೀರಲ್ಲಿ ನಿಂತಿದ್ದಾರಲ್ಲ, ಅವರನ್ನ ಬೇಗ ತಗೊಂಡು ಬಾ. ಇಲ್ಲಿ ನೀರು ಕುದೀತಾ ಇದೆ."

ನನಗಾಗ ಇಪ್ಪತ್ತು ವರ್ಷ, ತಲೆಯೊಳಗೆ ಬರೀ ಗಾಳಿ. ಹೊಳೆಗೆ ಹೋದರೆ ಪಕ್ಕದ ಮನೆಯ ಎಗೆಂಬೆರ್ದಿ ದೊಡ್ಡಪ್ಪ ಮೊಣಕಾಲುದ್ದ ನೀರಲ್ಲಿ ನಿಂತು ಮೀನು ಹಿಡಿಯುತ್ತಿದ್ದರು. ಇವರೇ ಇರಬೇಕು ಅಂದುಕೊಂಡೆ. "ದೊಡ್ಡಪ್ಪ, ಅತ್ತಿಗೆ ಕರೀತಿದಾಳೆ, ನೀರು ಕುದೀತಿದೆಯಂತೆ," ಅಂದೆ. ಚಹಾ ಅಂದರೆ ದೊಡ್ಡಪ್ಪ ಯಾವತ್ತೂ ಒಲ್ಲೆ ಅಂದವರಲ್ಲ. ಕೈಯಲ್ಲೊಂದು ಮೀನು ಹಿಡಿದು, ತೊಟ್ಟಿಕ್ಕುವ ಷರಾಯಿಯಲ್ಲೇ ಬಂದರು.

ಅತ್ತಿಗೆ ಬೆನ್ನು ತಿರುಗಿಸಿ ಒಲೆ ಊದುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿ ಅಂದಳು, "ಬಂದ್ರಾ? ಮೊದ್ಲು ಚೆನ್ನಾಗಿ ಸಿಪ್ಪೆ ಸುಲಿ ಪುಟ್ಟಿ. ಆಮೇಲೆ ಹಬೆಯಲ್ಲಿ ಮಲಗ್ಸೋಣ. ಬಿಸಿ ಇರೋವಾಗ್ಲೇ ಬಗ್ಗಿಸ್ಬೇಕು, ಆರಿದ್ರೆ ಪಟ್ ಅಂತ ಮುರೀತಾರೆ."

ದೊಡ್ಡಪ್ಪ ಮೀನು ಬಿಸಾಕಿ ಓಡಿದ ಓಟವನ್ನು ಊರು ಇವತ್ತಿಗೂ ಮರೆತಿಲ್ಲ. ಮೀನನ್ನು ನಾವು ಹುರಿದು ತಿಂದೆವು.

ಹನ್ನೊಂದು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಅವಳಿಗೆ ಎಲ್ಲವನ್ನೂ ಗುಣದಿಂದಲೇ ಕರೆಯುವ ಚಾಳಿ ಅಂಟಿಕೊಂಡಿತ್ತು. ಜಾಲರಿಯ ಕೋಲುಗಳನ್ನು ಪೋಣಿಸುವ ಹಸಿ ತೊಗಲಿನ ಬಾರು ಅವಳ ಬಾಯಲ್ಲಿ "ಒಣಗಿದ್ಮೇಲೆ ಸಿಟ್ಟಾಗೋನು". ಹೌದಲ್ಲ! ಒದ್ದೆಯಿರುವಾಗ ಸಡಿಲವಾಗಿ ಗಂಟು ಹಾಕಿದರೂ ಒಣಗುತ್ತಾ ಬಿಗಿದು, ಹಲ್ಲಿನಿಂದ ಎಳೆದರೂ ಬಿಡುವುದಿಲ್ಲ. ಕೊನೆಗೆ ಬಳಿಯುವ ಕೆಮ್ಮಣ್ಣು "ಹುಳಕ್ಕೆ ಕಹಿಯಾದೋಳು". ನನಗೆ ಮರ, ತೊಗಲು, ಬಣ್ಣದ ಸ್ವಭಾವ ತಿಳಿದದ್ದೆಲ್ಲ ಆ ಅಡ್ಡಹೆಸರುಗಳಿಂದಲೇ. ಅವಳು ಬಗ್ಗಿಸಿದ ಎಪ್ಪತ್ತು ಕೋಲುಗಳನ್ನು ಒಂದರ ಮೇಲೊಂದು ಇಟ್ಟರೆ ನಡುವೆ ಬೆರಳು ತೂರುತ್ತಿರಲಿಲ್ಲ. ಅಪ್ಪನ ಕೈಗೂ ಅದು ಬರುತ್ತಿರಲಿಲ್ಲ ಅಂತ ಅಪ್ಪನೇ ಕುಡಿದಾಗ ಒಪ್ಪಿಕೊಳ್ಳುತ್ತಿದ್ದ.

ಅಪ್ಪನಿಗೆ ಅರವತ್ತೆಂಟಾದಾಗ ಕೈ ನಡುಗತೊಡಗಿತು. ಹೊಳೆಯಂಚಿನ ಮರ ಕಡಿಯುವ ಪರವಾನಗಿ ಸಿಗುವುದು ಸರ್ಟಿಫಿಕೇಟ್ ಇರುವ ಉಸ್ತಾದರಿಗೆ ಮಾತ್ರ. ಅತ್ತಿಗೆಯ ಗಂಡ, ನಮ್ಮಣ್ಣ ಜೂಮಾರ್ತ್ ಲಾರಿ ಓಡಿಸುವವನು. ಅವನು ಬಗ್ಗಿಸಿದ ಕೋಲು ಹಾವಿನ ಹಾಗೆ ಸೊಟ್ಟ. ಅತ್ತಿಗೆ ಉಸ್ತಾದಳಾಗದಿದ್ದರೆ ಕೊಟ್ಟಿಗೆಗೆ ಬೀಗ, ಅವಳು ಮತ್ತೆ ಉಣ್ಣೆ ರಾಶಿಯ ಮುಂದೆ. ಅದನ್ನು ನೆನೆಸಿಕೊಂಡೇ ಅವಳು ಎರಡು ಸಲ ಸೀನಿದಳು.

ವಸಂತದಲ್ಲಿ ಪಟ್ಟಣದಿಂದ ಪರೀಕ್ಷಕ ಬಂದ. ಮಿರ್ಜಕ್ಮತ್ ಅಂತ ಹೆಸರು, ದಪ್ಪ ಕನ್ನಡಕ, ಕಂಕುಳಲ್ಲಿ ಹಾಳೆಗಳು. ಅಮ್ಮ ಹಿಟ್ಟಿನ ಬೋರ್ಸೋಕ್ ಕರಿದು ರಾಶಿ ಹಾಕಿದಳು, ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸ್ ಬಟ್ಟಲಿಗೆ ತುಂಬಿಸಿದಳು. ಅರ್ಧ ಊರು ನಮ್ಮ ಅಂಗಳದಲ್ಲಿತ್ತು. ಅತ್ತಿಗೆ ಜಾಲರಿ ಗೋಡೆಯನ್ನು ಬೀಸಣಿಗೆಯ ಹಾಗೆ ಬಿಡಿಸಿದಳು, ಮಡಿಸಿದಳು, ಮತ್ತೆ ಬಿಡಿಸಿ ನಿಲ್ಲಿಸಿದಳು. ಮಿರ್ಜಕ್ಮತ್ ಅದಕ್ಕೆ ಜೋತುಬಿದ್ದು ನೋಡಿದ. ಗೋಡೆ ಕಿರ್ ಅನ್ನಲಿಲ್ಲ. ಆತ ಸಂತೋಷವಾಗಿ ನಾಲ್ಕು ಬೋರ್ಸೋಕ್ ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಗೆದ್ದೆವು ಅಂದುಕೊಂಡೆ.

"ಇನ್ನು ಬಾಯಿಮಾತಿನ ಪರೀಕ್ಷೆ," ಅಂದ. "ಗೋಡೆಗೆ ಹಾಕಿರೋ ಮರ ಯಾವ್ದಮ್ಮ?"

ಅತ್ತಿಗೆಯ ಮುಖ ಕೆಮ್ಮಣ್ಣಾಯಿತು. ಎದುರಿಗೇ ಅಪ್ಪ ಬಟ್ಟಲು ಹಿಡಿದು ಕೂತಿದ್ದ.

"ನೀರಲ್ಲಿ ನಿಂತಿರೋರು ಅಣ್ಣ."

"ಯಾರು?"

"ಅವರೇ. ಎಲೆ ಉದುರಿದ್ಮೇಲೆ ಅವರನ್ನ ಕಡೀಬೇಕು."

ಮಿರ್ಜಕ್ಮತ್‌ನ ಪೆನ್ನು ನಿಂತಿತು. "ಕಡೀಬೇಕಾ?"

"ಆಗ ಮೈಯಲ್ಲಿ ರಸ ಇಳಿದಿರತ್ತೆ, ಹುಳ ಹತ್ತಲ್ಲ. ಚರ್ಮ ಪೂರ್ತಿ ಸುಲೀಬೇಕು. ಬಿಸಿ ಕುರಿಗೊಬ್ಬರದಲ್ಲಿ ಹೂಳ್ಬೇಕು, ಇಲ್ಲಾ ಹಬೆ ಕೊಡ್ಬೇಕು. ಮೆತ್ತಗಾದ್ಮೇಲೆ ಚೌಕಟ್ಟಿಗೆ ಸಿಗ್ಸಿ, ಮೇಲೆ ಕೂತು ಬಗ್ಗಿಸಿ, ಹಾಗೇ ಕಟ್ಟಿಹಾಕ್ಬೇಕು. ನೆರಳಲ್ಲೇ ಇಡ್ಬೇಕು ಅಣ್ಣ, ಬಿಸಿಲಿಗೆ ಬಿಟ್ರೆ ಸೀಳ್ಕೊಂಡು ಹೋಗ್ತಾರೆ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಅಪ್ಪನ ಕಡೆ ಜಾರಿತು. ಅಪ್ಪ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ಎಗೆಂಬೆರ್ದಿ ದೊಡ್ಡಪ್ಪ ನಗು ತಡೆಯಲಾರದೆ ಟೊಪ್ಪಿಗೆಯನ್ನು ಬಾಯಿಗೆ ತುರುಕಿಕೊಂಡಿದ್ದರು.

ನಾನು ಮುಂದೆ ನುಗ್ಗಿ ಮಾವನ ಹೆಸರಿನ ವಿಷಯ ಹೇಳಿದೆ. ಮಿರ್ಜಕ್ಮತ್ ಕನ್ನಡಕ ತೆಗೆದು ಒರೆಸಿದ. "ನಮ್ಮಮ್ಮನೂ ಹೀಗೇ. ಅರ್ಥ ಆಗತ್ತೆ ತಂಗಿ. ಆದ್ರೆ ಈ ಹಾಳೇಲಿ ಮರದ ಹೆಸರಿಗೆ ಒಂದು ಖಾನೆ ಇದೆ. ಅವರೇ ಹೇಳ್ಬೇಕು. ಖಾಲಿ ಬಿಟ್ರೆ ಫೇಲು."

"ಖಾನೆ ನೆಟ್ಟಗೆ ನಿಲ್ಸತ್ತಾ ಗುಡಾರಾನ?" ಅಂತ ರೇಗಿದೆ. ಅಮ್ಮ ನನ್ನ ತೋಳು ಹಿಡಿದು ಎಳೆದಳು.

"ಬರೆದು ಕೊಡಮ್ಮ, ಸಾಕು," ಅಂದ ಆತ.

"ಬರೆದ್ರೂ ಹೆಸರೇ ಅಲ್ವಾ ಅಣ್ಣ."

ಅಪ್ಪ ಎದ್ದ. "ನಾನಿದ್ರೆ ತಾನೆ ತೊಂದ್ರೆ? ಹೋಗ್ತೀನಿ. ನಿಧಾನಕ್ಕೆ ಹೇಳು ಮಗಳೇ." ಬೇಲಿ ದಾಟಿದ. ಅಲ್ಲಿಂದ ಕೂಗಿದ, "ಹೇಳಿದ್ಯಾ?" ಇಲ್ಲ. ಹೊಳೆಯವರೆಗೆ ಹೋದ. ನೀರಿಗೂ ಇಳಿದ. "ನಂಗಿಲ್ಲಿ ಏನೂ ಕೇಳ್ಸಲ್ಲ! ಹೇಳು!"

"ಕೇಳ್ಸಲ್ಲ ಅನ್ನೋದು ಇಲ್ಲಿಗೆ ಕೇಳಿಸ್ತಿದೆ ಮಾವ!" ಅಂತ ಅತ್ತಿಗೆಯೂ ಕೂಗಿದಳು. ಕೂಗುತ್ತಲೇ ಅತ್ತುಬಿಟ್ಟಳು. ಅಂಗಳದ ನಗು ಅಲ್ಲಿಗೇ ನಿಂತಿತು. ಹನ್ನೊಂದು ವರ್ಷದ ಕೆಲಸ ಒಂದು ಮಾತಿಗೆ ಸಿಕ್ಕಿಕೊಂಡು ಹೋಗುತ್ತಿತ್ತು. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಮಿರ್ಜಕ್ಮತ್ ಪೆನ್ನಿಗೆ ಮುಚ್ಚಳ ಹಾಕಿದ.

ಅಪ್ಪ ಒದ್ದೆ ಬೂಟಿನಲ್ಲಿ ಪಚಪಚ ಅನ್ನಿಸುತ್ತಾ ವಾಪಸು ಬಂದ. "ಮುಚ್ಚಳ ತೆಗಿ. ನನ್ನ ಹೆಸರು ತಾಲ್‌ಬಾಯ್ ಅಲ್ಲ."

"ಅಂದ್ರೆ?"

"ಈಗಿನಿಂದ ಅಲ್ಲ. ಅರವತ್ತೆಂಟು ವರ್ಷ ಇಟ್ಕೊಂಡಿದ್ದೆ, ಸಾಕು. ಇನ್ನು ಮೇಲೆ ಕಯಿಂಗ್‌ಬಾಯ್."

"ಬೇಡಿ ಮಾವ!" ಅತ್ತಿಗೆ ಕಿರುಚಿದಳು. "ಗುಡಾರದ ನೆತ್ತಿ ಮೇಲಿನ ಚಕ್ರ ಕಯಿಂಗ್ ಮರದ್ದೇ!"

"ಹಾಗಾದ್ರೆ ಕೊಯ್‌ಬಾಯ್."

"ಕುರಿ ಅಂತ ಹೆಸರಿಟ್ಕೊತೀರಾ, ಮುದಿ ಕುರಿ!" ಅಂದಳು ಅಮ್ಮ. "ನಾಳೆ ಉಣ್ಣೆ ಯಾವುದರದ್ದು ಅಂತ ಕೇಳಿದ್ರೆ?"

ಊರಿಗೆ ಊರೇ ಹೆಸರು ಕೂಗತೊಡಗಿತು. ಒಬ್ಬ ಕಲ್ಲು ಅಂದ, ಒಬ್ಬ ಕುದುರೆ ಅಂದ. ಅಣ್ಣ ಲಾರಿ ಅಂದ. ಅಪ್ಪ ಕೈಯೆತ್ತಿದ. "ಲೇ, ನಮ್ಮ ಗುಡಾರದಲ್ಲಿ ಇಲ್ಲವೇ ಇಲ್ಲದ ಒಂದು ವಸ್ತು ಹೇಳ್ರೋ."

"ಕಬ್ಬಿಣ!" ಅಂದರು ಎಗೆಂಬೆರ್ದಿ ದೊಡ್ಡಪ್ಪ. "ಒಂದು ಮೊಳೆ ಇದ್ಯಾ ಇದ್ರಲ್ಲಿ? ತೆಮಿರ್ ಅಂತ ಇಟ್ಕೊ!"

"ತೆಮಿರ್‌ಬಾಯ್!" ಅಪ್ಪ ಎದೆ ತಟ್ಟಿಕೊಂಡ. "ಗಟ್ಟಿ ಹೆಸರು. ಇಡೀ ಊರು ಕೇಳಿದೆ. ಈಗ ಕೇಳಪ್ಪ ನಿನ್ನ ಪ್ರಶ್ನೆ."

ಮಿರ್ಜಕ್ಮತ್ ಎದ್ದು ನಿಂತು ಕೇಳಿದ. ಯಾಕೆ ನಿಂತನೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಅತ್ತಿಗೆ ಬಾಯಿ ತೆರೆದಳು, ಮುಚ್ಚಿದಳು, ತಲೆವಸ್ತ್ರದ ಚುಂಗು ಕಚ್ಚಿಕೊಂಡು ಕಿಸಕ್ಕನೆ ನಕ್ಕಳು.

"ತಾಲ್," ಅಂದಳು.

"ಕೇಳಿಸ್ಲಿಲ್ಲಮ್ಮ."

"ತಾಲ್! ತಾಲ್ ಅಣ್ಣ, ತಾಲ್!"

ನಾಯಿಗಳು ಬೊಗಳಿದವು, ಹೆಂಗಸರು ಅತ್ತರು, ಕುಮಿಸ್ ನನ್ನ ಮೈಮೇಲೆಲ್ಲ ಚೆಲ್ಲಿತು. ಮಿರ್ಜಕ್ಮತ್ ಖಾನೆ ತುಂಬಿ, ಅಲ್ಲೇ ಠಸ್ಸೆ ಒತ್ತಿದ.

ಮಾರನೇ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅತ್ತಿಗೆಯನ್ನು ಹಿಡಿಯುವವರೇ ಇಲ್ಲ. ಅಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ದಿನ ಹೇಳಿ ಮುಗಿಸುವವಳ ಹಾಗೆ ತಾಲ್ ತಾ, ತಾಲ್ ಸುಲಿ, ತಾಲ್ ಬಗ್ಗಿಸು ಅಂತ ಒಂದೇ ಸಮನೆ ಒದರುತ್ತಿದ್ದಳು. ಬಹುವಚನವೂ ಮಾಯ. ಅಪ್ಪ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದ.

"ಏ ತಾಲ್, ಎಲ್ಲಿ ಹಾಳಾಗಿ ಹೋದೆ?" ಅಂದಳು, ಕೈಗೆ ಸಿಗದ ಯಾವುದೋ ಕೋಲಿಗೆ.

"ಓ, ಇಲ್ಲೇ ಇದೀನಿ!" ಅಂತ ಅಪ್ಪ ದಡಕ್ಕನೆ ಎದ್ದು ನಿಂತ.

ಅತ್ತಿಗೆ ಕೈಲಿದ್ದದ್ದನ್ನೆಲ್ಲ ಕೆಳಗೆ ಹಾಕಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ತಪ್ಪಾಯ್ತು ಮಾವ, ತಪ್ಪಾಯ್ತು, ನಾನು ಮರಕ್ಕೆ..."

"ಇರ್ಲಿ ಬಿಡು," ಅಂದ ಅಪ್ಪ, ಕಣ್ಣು ಉಜ್ಜಿಕೊಳ್ಳುತ್ತಾ. "ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಕರೆದೆ. ಓ ಅನ್ನದೆ ಇರ್ಲಾ?"